ಫಿಸಿಕ್ಸ್ ಬಿಡಲಾ? ಶುಕ್ರವಾರ ಕೊನೇ ದಿನ

ಹಾಸನದ ಹುಡುಗ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಪಿಯುಸಿ ಮುಗಿಸಿ, ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡ್ ಮೇಲೆ ಕ್ಯಾಲಿಫೋರ್ನಿಯಾಗೆ ಬಂದವನು ನಾನು. ಅತ್ತೆ ಯಾವ ಕಾಲದಲ್ಲೋ ಹಾಕಿದ್ದ ಅರ್ಜಿ, ನಾನು ದೊಡ್ಡವನಾದ ಮೇಲೆ ಕೈಗೆ ಬಂತು. ಈಗ ಇಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡನೇ ವರ್ಷ. ಗೊತ್ತಿಲ್ಲದವರಿಗೆ: ಇಲ್ಲಿ ಯೂನಿಟ್‌ಗೆ (ಪ್ರತಿ ಕ್ಲಾಸಿಗೂ ಇಷ್ಟು ಅಂತ ಇರುವ ಕ್ರೆಡಿಟ್) 46 ಡಾಲರ್ ಕೊಟ್ಟು ಮೊದಲ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ, ಟ್ರಾನ್ಸ್‌ಫರ್ ಆಗಬಹುದು. ದುಡ್ಡಿಲ್ಲದವರ ಹೆದ್ದಾರಿ ಇದು.

ಮೆಕ್ಯಾನಿಕಲ್‌ಗೆ ಅರ್ಜಿ ಹಾಕಿದ್ದೇನೆ. ಫಲಿತಾಂಶ ಈ ತಿಂಗಳ ಕೊನೆಯೊಳಗೆ ಬರುತ್ತದೆ. ತೊಂದರೆ ಆಗಿರುವುದು ಎರಡನೇ ಫಿಸಿಕ್ಸ್‌ನಲ್ಲಿ, ವಿದ್ಯುತ್ ಮತ್ತು ಕಾಂತತ್ವ. ಮೊದಲ ಮಿಡ್‌ಟರ್ಮ್ 52, ಎರಡನೇದು 41. ನೂರಕ್ಕೆ. ಪಿಯುಸಿಯಲ್ಲಿ ನನಗೆ ಫಿಸಿಕ್ಸ್ 91 ಬಂದಿತ್ತು, ಅದನ್ನು ನೆನೆಸಿಕೊಂಡರೆ ನಗು ಬರುತ್ತದೆ.

ಶುಕ್ರವಾರ ರಾತ್ರಿ 11:59ರೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) 'ಡಬ್ಲ್ಯೂ' ಅಂತ, ಅಂದರೆ ಮಧ್ಯದಲ್ಲಿ ಬಿಟ್ಟ ಅಂತ ಬರುತ್ತದೆ, ಜಿಪಿಎ (ಗ್ರೇಡ್ ಸರಾಸರಿ) ಹಾಳಾಗಲ್ಲ. ಆಮೇಲೆ ಏನು ಬಂದರೆ ಅದೇ ಗತಿ. ಅಮ್ಮನಿಗೆ ಹೇಳಿದೆ. "ಫೇಲಾ?" ಅಂತ ಒಂದೇ ಮಾತು ಕೇಳಿ ಒಲೆ ಕಡೆ ತಿರುಗಿಕೊಂಡರು. ಬಿಡಲಾ, ಮುಂದುವರಿಸಲಾ?

ಫಿಲ್ಟರ್ ಕಾಫಿ · ಭಾನುವಾರ ರಾತ್ರಿ

ಬಿಟ್ಟುಬಿಡು ಗುರು. ನನ್ನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎರಡು ಡಬ್ಲ್ಯೂ ಇದ್ದವು. ಯುಸಿಯವರೂ ಕೇಳಲಿಲ್ಲ, ಕೆಲಸ ಕೊಟ್ಟವರೂ ಕೇಳಲಿಲ್ಲ. ಮದುವೆಗೆ ಹೆಣ್ಣು ಕೊಟ್ಟವರೂ ಕೇಳಲಿಲ್ಲ. ಡಿ ಅಥವಾ ಎಫ್ ಬಂದರೆ ಮಾತ್ರ ಕಥೆ ಮುಗೀತು. ಸುಮ್ನೆ ಯಾಕೆ ತಲೆಬಿಸಿ?

ಬಯಲುಸೀಮೆ · ಭಾನುವಾರ ರಾತ್ರಿ

ನಿಮಗೆಲ್ಲ ಬಿಡೋಕೆ ಒಂದು ಗುಂಡಿಯಾದರೂ ಇದೆ ನೋಡ್ರಿ. ನಾನು ವಿಟಿಯು. ಎಂ-3, ಅಂದರೆ ಎಂಜಿನಿಯರಿಂಗ್ ಗಣಿತದ ಮೂರನೇ ಪೇಪರ್, ಹೆಸರು ಕೇಳಿದರೆ ಈಗಲೂ ಬೆನ್ನಲ್ಲಿ ಬೆವರು. ನಮ್ಮ ಕಾಲದಲ್ಲಿ ನಾಲ್ಕಕ್ಕಿಂತ ಜಾಸ್ತಿ ಬ್ಯಾಕ್ ಇದ್ದರೆ ಇಯರ್ ಬ್ಯಾಕ್, ಮುಂದಿನ ವರ್ಷಕ್ಕೆ ಹೋಗೋ ಹಾಗಿಲ್ಲ. ನನಗೆ ಸರಿಯಾಗಿ ನಾಲ್ಕಿದ್ದವು. ಎಂ-3 ಮೂರು ಸಲ ಬರೆದೆ. ಮೂರನೇ ಸಲ ರಿಸಲ್ಟ್ ಬಂದ ದಿನ ಹಾಸ್ಟೆಲ್‌ನವರಿಗೆಲ್ಲ ಮಿರ್ಚಿ ಮಂಡಕ್ಕಿ ಕೊಡಿಸಿದ್ದೆ.

ಹಂಗಾಗಿ ನನ್ನ ಬುದ್ಧಿಗೆ ಬಿಡೋದು ಅನ್ನೋದೇ ಹೊಳೆಯಲ್ಲ. ಇನ್ನೂ ಪರೀಕ್ಷೆ ಇವೆಯಲ್ಲ, ಬರಿ. ಅರ್ಧ ದಾರಿಗೆ ಬಂದು ಬಸ್ ಇಳೀತಾರೇನು?

ಫ್ರೀಮಾಂಟ್ ಚಿಕ್ಕಮ್ಮ · ಭಾನುವಾರ ರಾತ್ರಿ

ಗ್ರೀನ್ ಕಾರ್ಡ್ ಅಂದೆಯಲ್ಲ, ಒಳ್ಳೇದಾಯಿತು. ಇದನ್ನು ಓದುವ ಬೇರೆ ಮಕ್ಕಳಿಗಾಗಿ ಹೇಳುತ್ತೇನೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿದ್ದರೆ ಒಂದು ಸೆಮಿಸ್ಟರ್‌ಗೆ 12 ಯೂನಿಟ್ ಇರಲೇಬೇಕು. ಅದಕ್ಕಿಂತ ಕೆಳಗೆ ಇಳಿಯುವ ಮುಂಚೆ ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ನೋಡಿಕೊಳ್ಳುವ ಅಧಿಕಾರಿ) ಒಪ್ಪಿಗೆ ಬೇಕು. ಮೊದಲು ಬಿಟ್ಟು ಆಮೇಲೆ ಹೇಳಿದರೆ ವೀಸಾಗೇ ಕುತ್ತು. ನನ್ನ ಅಕ್ಕನ ಮಗ ಎಚ್-4ನಲ್ಲಿದ್ದ, ಕೆಲಸದ ವೀಸಾದವರ ಮಕ್ಕಳಿಗೆ 21ರವರೆಗೆ ಮಾತ್ರ ಸಿಗುವ ವೀಸಾ. ಅದರಲ್ಲಿ ಈ 12ರ ಕಟ್ಟಿಲ್ಲ. 21 ತುಂಬುತ್ತಾ ಬಂತು, ಎಫ್-1ಗೆ ಬದಲಾದ. ಹಳೇ ಅಭ್ಯಾಸದಲ್ಲಿ ಒಂದು ಕ್ಲಾಸ್ ಬಿಡೋಕೆ ಹೊರಟಿದ್ದ. ಪಕ್ಕದ ಮನೆ ಹುಡುಗಿ ತಡೆದಳು, ಬಚಾವಾದ.

ಎರಡನೇ ಇನಿಂಗ್ಸ್ · ಭಾನುವಾರ ರಾತ್ರಿ

ತಮ್ಮಾ, ಯಾರ ಮಾತು ಕೇಳಿಯೂ ಇವತ್ತು ಗುಂಡಿ ಒತ್ತಬೇಡ. ನಾನು 31ನೇ ವಯಸ್ಸಿನಲ್ಲಿ, ಮಗನನ್ನು ಡೇಕೇರ್‌ಗೆ ಬಿಟ್ಟು ಕಮ್ಯುನಿಟಿ ಕಾಲೇಜಿಗೆ ಸೇರಿದವಳು. ನಾನೂ ಟ್ರಾನ್ಸ್‌ಫರ್ ಆದೆ. ಈಗ ಅಂಥದೇ ಒಂದು ಕಾಲೇಜಿನ ಟ್ರಾನ್ಸ್‌ಫರ್ ಸೆಂಟರ್‌ನಲ್ಲಿ ಕೆಲಸ. ಏಪ್ರಿಲ್ ಬಂದರೆ ನನ್ನ ಮೇಜಿನ ಮುಂದೆ ದಿನಾ ಇದೇ ಪ್ರಶ್ನೆ ಬಂದು ಕೂರುತ್ತದೆ.

ಡಬ್ಲ್ಯೂ ಒಳ್ಳೇದಾ ಕೆಟ್ಟದ್ದಾ ಅನ್ನೋದು ಆಮೇಲಿನ ಮಾತು. ಮೊದಲು ನನಗೆ ಬೇಕಾದ್ದು ಹೇಳು. ಈ ಫಿಸಿಕ್ಸ್ ನಿನ್ನ ಮೇಜರ್‌ಗೆ, ಅಂದರೆ ಮೆಕ್ಯಾನಿಕಲ್‌ಗೆ, ಬೇಕೇ ಬೇಕಾ? ಯಾವ ಕೋರ್ಸ್ ಎಲ್ಲಿಗೆ ಲೆಕ್ಕ ಅಂತ ತೋರಿಸುವ ಅಸಿಸ್ಟ್ ವೆಬ್‌ಸೈಟ್‌ನಲ್ಲಿ ನಿನ್ನ ಕಾಲೇಜು, ನೀನು ಹೋಗುವ ಕ್ಯಾಂಪಸ್, ಮೇಜರ್ ಮೂರನ್ನೂ ಹಾಕಿ ನೋಡು. ಟ್ಯಾಗ್, ಅಂದರೆ ಯುಸಿ ಕ್ಯಾಂಪಸ್‌ನ ಟ್ರಾನ್ಸ್‌ಫರ್ ಗ್ಯಾರಂಟಿಗೆ ಅರ್ಜಿ, ಹಾಕಿದ್ದೀಯಾ? ಯುಸಿ ಅರ್ಜಿಯ ಜನವರಿ ಅಪ್‌ಡೇಟ್‌ನಲ್ಲಿ ಈ ಕ್ಲಾಸನ್ನು ತೋರಿಸಿದ್ದೀಯಾ? ಇಲ್ಲಿಯವರೆಗೆ ಎಷ್ಟು ಯೂನಿಟ್ ಆಗಿದೆ, ಈ ಸೆಮಿಸ್ಟರ್‌ನಲ್ಲಿ ಎಷ್ಟಿದೆ?

ಹಾಸನದ ಹುಡುಗ · ಸೋಮವಾರ ಬೆಳಿಗ್ಗೆ

ಅಕ್ಕ, ನೋಡಿದೆ. ಫಿಸಿಕ್ಸ್ ಬೇಕೇ ಬೇಕು, ಪಟ್ಟಿಯಲ್ಲಿದೆ. ಟ್ಯಾಗ್ ಸೆಪ್ಟೆಂಬರ್‌ನಲ್ಲೇ ಒಂದು ಕ್ಯಾಂಪಸ್‌ಗೆ ಹಾಕಿದ್ದೆ. ಜನವರಿ ಅಪ್‌ಡೇಟ್‌ನಲ್ಲಿ ನಾಲ್ಕೂ ಕ್ಲಾಸ್ ತೋರಿಸಿದ್ದೇನೆ.

ಮುಗಿದಿರುವುದು 49 ಯೂನಿಟ್. ಈಗ 15: ಫಿಸಿಕ್ಸ್ 5, ಡಿಫರೆನ್ಶಿಯಲ್ ಈಕ್ವೇಶನ್ಸ್ 4, ಸ್ಟ್ಯಾಟಿಕ್ಸ್ 3, ಸಿನಿಮಾ ಇತಿಹಾಸ 3. ಕೊನೇದು ಸುಮ್ನೆ ಆಸೆಗೆ ತಗೊಂಡಿದ್ದು.

ಎರಡನೇ ಇನಿಂಗ್ಸ್ · ಸೋಮವಾರ ಬೆಳಿಗ್ಗೆ

ಆ 49ರಲ್ಲಿ ಎಲ್ಲವೂ ಯುಸಿಗೆ ಟ್ರಾನ್ಸ್‌ಫರ್ ಆಗುವ ಯೂನಿಟ್‌ಗಳೇನಾ? ಒಂದೊಂದೇ ನೋಡು. ನಮ್ಮ ಕಾಲೇಜುಗಳಲ್ಲಿ ಸಣ್ಣ ಸಣ್ಣ ಕೋರ್ಸ್‌ಗಳು ಇರುತ್ತವೆ, ಡಿಗ್ರಿಗೆ ಲೆಕ್ಕ, ಯುಸಿಗೆ ಲೆಕ್ಕ ಇಲ್ಲ.

ಹಾಸನದ ಹುಡುಗ · ಸೋಮವಾರ ಮಧ್ಯಾಹ್ನ

ಒಂದಿದೆ. ಮೊದಲ ಸೆಮಿಸ್ಟರ್‌ನಲ್ಲಿ 'ಓದುವುದು ಹೇಗೆ' ಅಂತ ಒಂದು ಯೂನಿಟ್‌ನ ಕ್ಲಾಸ್ ತಗೊಂಡಿದ್ದೆ. ಯುಸಿ ಪಟ್ಟಿಯಲ್ಲಿ ಅದು ಇಲ್ಲ. ಹಾಗಾದರೆ 48.

ಎರಡನೇ ಇನಿಂಗ್ಸ್ · ಸೋಮವಾರ ಮಧ್ಯಾಹ್ನ

48ಕ್ಕೆ 15 ಸೇರಿದರೆ 63. ಫಿಸಿಕ್ಸ್ ಬಿಟ್ಟರೆ 58. ಮೂರನೇ ವರ್ಷಕ್ಕೆ ಸೇರೋಕೆ ಬೇಕಾದ್ದು 60 ಸೆಮಿಸ್ಟರ್ ಯೂನಿಟ್, ಅದೂ ಈ ಸ್ಪ್ರಿಂಗ್ ಮುಗಿಯುವುದರೊಳಗೆ.

ಅಂದರೆ ಫಿಸಿಕ್ಸ್ ಬಿಟ್ಟರೆ ನಿನಗೆ ಎರಡು ಕಡೆ ಪೆಟ್ಟು. ಮೇಜರ್‌ಗೆ ಬೇಕಾದ ಕೋರ್ಸೂ ಹೋಯಿತು, ಯೂನಿಟ್ಟೂ ಕಮ್ಮಿ ಬಿತ್ತು. ಟ್ಯಾಗ್ ಅಂದರೆ ಗ್ಯಾರಂಟಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಕರಾರು ಕಣಪ್ಪ. ನೀನು ನಿನ್ನ ಪಾಲು ಮಾಡಿದರೆ ಅವರು ಅವರ ಪಾಲು ಮಾಡುತ್ತಾರೆ. "ಬೇಸಿಗೆಯಲ್ಲಿ ಮಾಡ್ತೀನಿ" ಅಂತ ಕೆಲವರು ಕೇಳಿಕೊಳ್ಳುತ್ತಾರೆ. ಒಪ್ಪುವುದು ಬಿಡುವುದು ಕ್ಯಾಂಪಸ್‌ನವರ ಮರ್ಜಿ, ಅದನ್ನು ನಂಬಿಕೊಂಡು ಕೂರಬೇಡ.

ಇದೇ ನೀನು ಮೊದಲ ವರ್ಷದಲ್ಲಿದ್ದಿದ್ದರೆ ನಾನೇ ಬಿಡು ಅನ್ನುತ್ತಿದ್ದೆ. ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ತಗೊಂಡರೆ ಆಯಿತು. ಡಬ್ಲ್ಯೂ ಅನ್ನೋದು ಯಾವತ್ತೂ ಒಂದೇ ಅಲ್ಲ, ಅದು ಯಾವ ಕ್ಲಾಸಿನ ಮುಂದೆ, ಯಾವ ಸೆಮಿಸ್ಟರ್‌ನಲ್ಲಿ ಬಿದ್ದಿದೆ ಅನ್ನೋದರ ಮೇಲೆ ಹೋಗುತ್ತದೆ.

ಫಿಲ್ಟರ್ ಕಾಫಿ · ಸೋಮವಾರ ಮಧ್ಯಾಹ್ನ

ನನ್ನ ಮಾತು ವಾಪಸ್. ಈಗ ಹಳೇ ಟ್ರಾನ್ಸ್‌ಕ್ರಿಪ್ಟ್ ತೆಗೆದು ನೋಡಿದೆ. ನನ್ನ ಎರಡೂ ಡಬ್ಲ್ಯೂ ಮೊದಲ ವರ್ಷದವು. ಒಂದು ಜಪಾನೀ ಭಾಷೆ, ಇನ್ನೊಂದು ಟೆನಿಸ್. ನಾನು ಯಾವ ಧೈರ್ಯದ ಮೇಲೆ ಸಲಹೆ ಕೊಟ್ಟೆನೋ.

ಮೈಸೂರು ಮೇಷ್ಟ್ರು · ಸೋಮವಾರ ರಾತ್ರಿ

ಏನಪ್ಪಾ ಹಾಸನ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಇಲ್ಲಿ ಈಗ ಮಂಗಳವಾರ ಬೆಳಿಗ್ಗೆ, ವಾಕಿಂಗ್ ಮುಗಿಸಿ ಬಂದು ಇದನ್ನೆಲ್ಲ ಓದಿದೆ. ಬಿಡಲಾ ಬೇಡವಾ ಅಂತ ಇಷ್ಟು ಜನ ಮಾತಾಡಿದಿರಿ. ಪಾಸಾಗಲು ಇನ್ನೆಷ್ಟು ಬೇಕು ಅಂತ ಒಬ್ಬರೂ ಲೆಕ್ಕ ಹಾಕಲಿಲ್ಲವಲ್ಲ!

ಯಾವುದಕ್ಕೆ ಎಷ್ಟು ಅಂಕ, ಸಿಲಬಸ್ ನೋಡಿ ಹೇಳು.

ಹಾಸನದ ಹುಡುಗ · ಸೋಮವಾರ ರಾತ್ರಿ

ಸಾರ್, ಹೋಮ್‌ವರ್ಕ್‌ಗೆ 10, ಲ್ಯಾಬ್‌ಗೆ 20, ಮೂರು ಮಿಡ್‌ಟರ್ಮ್ ತಲಾ 15, ಫೈನಲ್‌ಗೆ 25. ಒಟ್ಟು 70 ಬಂದರೆ ಸಿ. ಹೋಮ್‌ವರ್ಕ್ ಹೀಗೇ ನಡೆದರೆ 9 ಸಿಗುತ್ತದೆ, ಲ್ಯಾಬ್‌ನಲ್ಲಿ 17. ಮೂರನೇ ಮಿಡ್‌ಟರ್ಮ್ ಮೇ ಮೊದಲ ವಾರ, ಫೈನಲ್ ಮೇ ಕೊನೆಗೆ.

ಮೈಸೂರು ಮೇಷ್ಟ್ರು · ಸೋಮವಾರ ರಾತ್ರಿ

ಹೋಮ್‌ವರ್ಕ್, ಲ್ಯಾಬ್ ಸೇರಿ 26. ಮೊದಲ ಮಿಡ್‌ಟರ್ಮ್‌ನಿಂದ 7.8, ಎರಡನೇದರಿಂದ 6.15. ಕೈಯಲ್ಲಿರುವುದು 39.95, ನಲವತ್ತು ಅನ್ನು. ಇನ್ನು ಉಳಿದಿರುವುದೂ 40. ಅದರಲ್ಲಿ 30 ಬೇಕು. ಅಂದರೆ ಮುಂದಿನ ಎರಡೂ ಪರೀಕ್ಷೆಯಲ್ಲಿ ನೂರಕ್ಕೆ 75. 52, 41 ತೆಗೆದವನಿಗೆ 75 ಅಂದರೆ ಕಷ್ಟವೇ, ಸುಳ್ಳು ಹೇಳಲ್ಲ.

ಆದರೆ ಸಿಲಬಸ್ ಪೂರ್ತಿ ಓದಿದೆಯಾ? ನಿಮ್ಮ ಕಡೆ ಮೇಷ್ಟ್ರುಗಳು ಕೊನೇ ಪುಟದಲ್ಲಿ ಏನಾದರೂ ರಿಯಾಯಿತಿ ಬರೆದಿರುತ್ತಾರೆ ಅಂತ ಮಗಳು ಹೇಳುತ್ತಿದ್ದಳು.

ಹಾಸನದ ಹುಡುಗ · ಸೋಮವಾರ ರಾತ್ರಿ

ಸಾರ್!! ಆರನೇ ಪುಟ. ಕಾಪಿ ಹೊಡೆದರೆ ಏನು ಶಿಕ್ಷೆ ಅನ್ನುವ ಪ್ಯಾರಾದ ಕೆಳಗೆ ಒಂದು ಸಾಲು ಇದೆ. ಫೈನಲ್‌ನಲ್ಲಿ ಜಾಸ್ತಿ ಬಂದರೆ, ಮೂರು ಮಿಡ್‌ಟರ್ಮ್‌ಗಳಲ್ಲಿ ಯಾವುದು ಕಡಿಮೆಯೋ ಅದರ ಜಾಗಕ್ಕೆ ಫೈನಲ್ ಅಂಕವನ್ನೇ ಹಾಕುತ್ತಾರಂತೆ. ಜನವರಿಯಿಂದ ಈ ಪಿಡಿಎಫ್ ನನ್ನ ಫೋನಲ್ಲೇ ಇತ್ತು.

ಮೈಸೂರು ಮೇಷ್ಟ್ರು · ಸೋಮವಾರ ರಾತ್ರಿ

ಹಾಗಾದರೆ 41 ಅಳಿಸಿಹೋಯಿತು. ಈಗ ಕೈಯಲ್ಲಿ 33.8, ಉಳಿದಿದ್ದು 55. ಬೇಕಾದ್ದು 36.2. ಸರಾಸರಿ 66 ಸಾಕು. 75 ಎಲ್ಲಿ, 66 ಎಲ್ಲಿ! ಆದರೆ ಹುಷಾರು, ಈಗ ಫೈನಲ್ ಒಂದರ ಮೇಲೇ 40 ಅಂಕ ನಿಂತಿದೆ. ಅವತ್ತು ಜ್ವರ ಬಂದರೆ ಕಷ್ಟ.

ಎರಡನೇ ಮಿಡ್‌ಟರ್ಮ್ ಪೇಪರ್ ಫೋಟೋ ತೆಗೆದು ಕಳಿಸು. ನಿನ್ನ ಹೆಸರು ಮುಚ್ಚು.

ಬಯಲುಸೀಮೆ · ಮಂಗಳವಾರ ಬೆಳಿಗ್ಗೆ

ಮೇಷ್ಟ್ರೇ, ನೀವು ನಮ್ಮ ಎಂ-3 ಕಾಲದಲ್ಲಿ ಎಲ್ಲಿದ್ರಿ?

ಮೈಸೂರು ಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ಪೇಪರ್ ನೋಡಿದೆ. ನಿನಗೆ ಫಿಸಿಕ್ಸ್ ಬರಲ್ಲ ಅನ್ನೋದು ಸುಳ್ಳು. ಮೂರನೇ ಪ್ರಶ್ನೆ ನೋಡು. ಎರಡು ಬ್ಯಾಟರಿ, ಎರಡು ಲೂಪ್. ಕರೆಂಟ್ ಯಾವ ಕಡೆ ಅಂತ ಬಾಣ ಹಾಕಿದ್ದೀಯ, ಸಮೀಕರಣ ಎರಡೂ ಸರಿ. ಬಿಡಿಸಿದಾಗ ಮೈನಸ್ 0.4 ಆಂಪಿಯರ್ ಬಂದಿದೆ. ಅಷ್ಟಕ್ಕೇ ಹೆದರಿ ರಬ್ಬರ್ ಹಾಕಿ ಅಳಿಸಿ, ಮಧ್ಯದಲ್ಲಿ ಒಂದು ಚಿಹ್ನೆ ಬದಲಾಯಿಸಿ ಪ್ಲಸ್ ಬರುವ ಹಾಗೆ ಮಾಡಿದ್ದೀಯ. ಅಳಿಸಿದ್ದು ಫೋಟೋದಲ್ಲೂ ಕಾಣುತ್ತದೆ. ಅಯ್ಯೋ ಮಾರಾಯ, ಮೈನಸ್ ಬಂದಿದ್ದೇ ಸರಿ ಉತ್ತರ! ನೀನು ಹಾಕಿದ ಬಾಣಕ್ಕೆ ಉಲ್ಟಾ ಹರಿಯುತ್ತಿದೆ ಅಂತ ಅದರ ಅರ್ಥ, ಅಷ್ಟೇ. ಒಂದು ರಬ್ಬರ್‌ಗೆ 14 ಅಂಕ ಹೋಯಿತು.

ಐದನೇದು ಕೆಪ್ಯಾಸಿಟರ್. ಪ್ಲೇಟ್‌ಗಳ ಮಧ್ಯೆ ಡೈಎಲೆಕ್ಟ್ರಿಕ್ ತೂರಿಸುವ ಮುಂಚೆ ಬ್ಯಾಟರಿ ಬಿಚ್ಚಿದ್ದಾರೆ ಅಂತ ಪ್ರಶ್ನೆಯಲ್ಲೇ ಇದೆ. ಬಿಚ್ಚಿದರೆ ಚಾರ್ಜ್ ಬದಲಾಗಲ್ಲ, ವೋಲ್ಟೇಜ್ ಇಳಿಯುತ್ತದೆ. ನೀನು ವೋಲ್ಟೇಜ್ ಹಾಗೇ ಇರುತ್ತದೆ ಅಂತ ಇಟ್ಟುಕೊಂಡು ಸೂತ್ರ ಹಾಕಿದ್ದೀಯ. ಇದು ನಮ್ಮದೇ ತಪ್ಪು. ಐದು ಅಂಕದ ಡಿರೈವೇಶನ್ ಬಾಯಿಪಾಠ ಮಾಡಿಸಿ, ಚಿತ್ರಕ್ಕೆ ಒಂದು ಅಂಕ ಅಂತ ಹೇಳಿ ಕಳಿಸಿದ್ದು ನಾವೇ ತಾನೆ. ಪ್ರಶ್ನೆಯಲ್ಲಿ ಏನಾಗುತ್ತಿದೆ ಅಂತ ನೋಡುವ ಅಭ್ಯಾಸ ಮಾಡಿಸಲಿಲ್ಲ. ನಿನ್ನ 91ರಲ್ಲಿ ನಮ್ಮಂಥವರ ಪಾಪವೂ ಇದೆ.

ನಿನಗೆ ಬೇಕಿರುವುದು ಸಮಯ. ವಾರದಲ್ಲಿ ಫಿಸಿಕ್ಸ್‌ಗೆ ಎಷ್ಟು ಗಂಟೆ ಕೂರುತ್ತೀಯ?

ಹಾಸನದ ಹುಡುಗ · ಮಂಗಳವಾರ ಸಂಜೆ

ಸಾರ್, ಕ್ಲಾಸು ಲ್ಯಾಬು ಬಿಟ್ಟರೆ ಐದು ಗಂಟೆ ಸಿಕ್ಕರೆ ಜಾಸ್ತಿ. ವಾರಕ್ಕೆ 18 ಗಂಟೆ ಒಂದು ದಿನಸಿ ಅಂಗಡಿಯಲ್ಲಿ ಕೆಲಸ, ಅದನ್ನು ಬಿಡೋಕಾಗಲ್ಲ. ಸಿನಿಮಾ ಇತಿಹಾಸಕ್ಕೆ ವಾರಾ ವಾರಾ ಒಂದು ಸಿನಿಮಾ ನೋಡಿ ಎರಡು ಪುಟ ಪ್ರಬಂಧ ಬರೀಬೇಕು. ನನಗೆ ಇಂಗ್ಲಿಷ್‌ನಲ್ಲಿ ಎರಡು ಪುಟ ಅಂದರೆ ಗುರುವಾರ ರಾತ್ರಿ ಎರಡು ಗಂಟೆಯವರೆಗೆ. ಒಟ್ಟು ಎಂಟು ಗಂಟೆ ಅಲ್ಲೇ ಹೋಗುತ್ತದೆ.

ಫ್ರೀಮಾಂಟ್ ಚಿಕ್ಕಮ್ಮ · ಮಂಗಳವಾರ ಸಂಜೆ

ಮತ್ತೆ ಅದನ್ನೇ ಬಿಡಬಹುದಲ್ಲಾ?

ಹಾಸನದ ಹುಡುಗ · ಮಂಗಳವಾರ ಸಂಜೆ

ಅದರಲ್ಲಿ ನನಗೆ ಎ ಇದೆ ಚಿಕ್ಕಮ್ಮ! ಈ ಸೆಮಿಸ್ಟರ್‌ನಲ್ಲಿ ಇರೋದೇ ಅದೊಂದು ಎ.

ಫ್ರೀಮಾಂಟ್ ಚಿಕ್ಕಮ್ಮ · ಮಂಗಳವಾರ ಸಂಜೆ

ಇರಲಿ ಬಿಡಪ್ಪ. ಮದುವೆ ಮನೆಯಲ್ಲಿ ಅನ್ನ ತಳ ಹಿಡೀತಿದ್ದರೆ ಹೋಳಿಗೆ ಚೆನ್ನಾಗಿ ಬಂದಿದೆ ಅಂತ ಅಲ್ಲೇ ನಿಂತಿರ್ತಾರಾ?

ಎರಡನೇ ಇನಿಂಗ್ಸ್ · ಮಂಗಳವಾರ ರಾತ್ರಿ

ಚಿಕ್ಕಮ್ಮ ಹೇಳಿದ್ದು ನಿಜವಾಗಿಯೂ ಯೋಚಿಸುವ ಮಾತು. ನನಗೆ ಮೊದಲೇ ಹೊಳೀಬೇಕಿತ್ತು. ಕಷ್ಟದ ಕ್ಲಾಸ್ ಅಂದ ತಕ್ಷಣ ಎಲ್ಲರ ಕೈ ಅದರ ಮೇಲೇ ಹೋಗುತ್ತದೆ. ಬಿಡೋಕೆ ಆಗುವ ಕ್ಲಾಸ್ ಬೇರೆ ಇರಬಹುದು ಅಂತ ಯಾರೂ ನೋಡಲ್ಲ.

63ರಲ್ಲಿ 3 ಹೋದರೆ 60. ಸರಿಯಾಗಿ 60, ಒಂದು ಯೂನಿಟ್ ಕೂಡ ಜಾಸ್ತಿ ಇಲ್ಲ. ಈ ಸೆಮಿಸ್ಟರ್‌ನಲ್ಲಿ 12 ಉಳಿಯುತ್ತದೆ, ಫುಲ್ ಟೈಮ್ ಆಗಿಯೇ ಇರುತ್ತೀಯ. ಫೈನಾನ್ಶಿಯಲ್ ಏಡ್‌ನವರು ತಗೊಂಡ ಯೂನಿಟ್‌ಗಳಲ್ಲಿ ನೂರಕ್ಕೆ 67 ಮುಗಿಸಿರಬೇಕು ಅನ್ನುತ್ತಾರೆ, ಡಬ್ಲ್ಯೂ ಅಲ್ಲಿ 'ತಗೊಂಡು ಮುಗಿಸದೇ ಇದ್ದದ್ದು' ಅಂತ ಲೆಕ್ಕ. ನಿನಗೆ ಇದು ಮೊದಲ ಡಬ್ಲ್ಯೂ ಆದರೆ ಹೆದರಬೇಕಿಲ್ಲ.

ಆದರೆ ಸಿನಿಮಾ ಕ್ಲಾಸ್ ಜನರಲ್ ಎಜುಕೇಶನ್ ಲೆಕ್ಕದಲ್ಲಿ ಬೇರೆಲ್ಲೂ ಬೇಕಾಗಿಲ್ಲ ಅಂತ ಖಾತ್ರಿ ಮಾಡಿಕೋ. ಎರಡು ಇಂಗ್ಲಿಷ್, ಒಂದು ಗಣಿತ, ಬೇರೆ ವಿಷಯಗಳಿಂದ ನಾಲ್ಕು, ಯುಸಿ ಕೇಳುವ ಆ ಏಳು ಕೋರ್ಸ್ ಇದಿಲ್ಲದೆ ಆಗಿದೆಯಾ ಅಂತ ನೋಡು.

ಫಿಲ್ಟರ್ ಕಾಫಿ · ಮಂಗಳವಾರ ರಾತ್ರಿ

ಈ ಸಲ ಲೆಕ್ಕ ಹಾಕಿಕೊಂಡೇ ಬಂದಿದ್ದೇನೆ. ಫಿಸಿಕ್ಸ್ ಸಿ, ಉಳಿದೆರಡು ಬಿ ಅಂದುಕೊಳ್ಳಿ. ಸಿನಿಮಾದ ಎ ಇದ್ದರೆ ಈ ಸೆಮಿಸ್ಟರ್ ಜಿಪಿಎ 2.87. ಬಿಟ್ಟರೆ 2.58. ಕೆಲವು ಕ್ಯಾಂಪಸ್‌ನವರು ಕೊನೇ ಸೆಮಿಸ್ಟರ್‌ಗೇ ಬೇರೆ ಶರತ್ತು ಹಾಕುತ್ತಾರೆ ಅಲ್ವಾ ಅಕ್ಕ?

ಎರಡನೇ ಇನಿಂಗ್ಸ್ · ಮಂಗಳವಾರ ರಾತ್ರಿ

ಹಾಕುತ್ತಾರೆ. ಒಳ್ಳೇ ಪ್ರಶ್ನೆ. ಹಾಸನ, ನಿನ್ನ ಒಟ್ಟು ಜಿಪಿಎ ಎಷ್ಟು?

ಹಾಸನದ ಹುಡುಗ · ಮಂಗಳವಾರ ರಾತ್ರಿ

3.4 ಅಕ್ಕ.

ಎರಡನೇ ಇನಿಂಗ್ಸ್ · ಮಂಗಳವಾರ ರಾತ್ರಿ

ಹಾಗಾದರೆ ಒಟ್ಟು ಲೆಕ್ಕದಲ್ಲಿ ಸಿನಿಮಾ ಇದ್ದರೆ 3.27, ಇಲ್ಲದಿದ್ದರೆ 3.24. ಕೂದಲೆಳೆ ವ್ಯತ್ಯಾಸ. ಆದರೆ ಕೊನೇ ಸೆಮಿಸ್ಟರ್ ಶರತ್ತು ಇದ್ದರೆ ಆಟ ಬೇರೆ. ಇದನ್ನು ನಾನು ಊಹೆ ಮಾಡಿ ಹೇಳುವ ಹಾಗಿಲ್ಲ. ನಾಳೆ ಬೆಳಿಗ್ಗೆ ಕ್ಯಾಂಪಸ್ ಪೋರ್ಟಲ್ ಮೂಲಕ ಬರಿ. ಉದ್ದ ಬೇಡ, ಅಪ್ಪ ಅಮ್ಮ ಕಷ್ಟ ಎಲ್ಲ ಬೇಡ. "ಈ ಮೂರು ಯೂನಿಟ್‌ನ ಕ್ಲಾಸ್ ಬಿಡಬೇಕೆಂದಿದ್ದೇನೆ. ಬಿಟ್ಟ ಮೇಲೂ 60 ಯೂನಿಟ್ ಆಗುತ್ತದೆ, ಮೇಜರ್ ಕೋರ್ಸ್ ಎಲ್ಲ ಮುಂದುವರಿಸುತ್ತೇನೆ. ನನ್ನ ಟ್ಯಾಗ್‌ಗೆ ಇದರಿಂದ ತೊಂದರೆ ಇದೆಯೇ? ಈ ಸೆಮಿಸ್ಟರ್‌ಗೆ ಬೇರೆ ಜಿಪಿಎ ಶರತ್ತು ಇದೆಯೇ?" ಇಷ್ಟೇ. ನಿನ್ನ ಕಾಲೇಜಿನ ಕೌನ್ಸೆಲರ್ ಹತ್ತಿರವೂ ನಾಳೆಯೇ ಹೋಗು, ಡ್ರಾಪ್-ಇನ್ ಸಾಲಿನಲ್ಲಿ ನಿಂತರೂ ಸರಿ.

ಹೇಳದೆ ಬಿಡುವುದೇ ದೊಡ್ಡ ತಪ್ಪು. ಜನವರಿಯಲ್ಲಿ ತೋರಿಸಿದ್ದು ಒಂದು, ಜುಲೈನಲ್ಲಿ ಹೋಗುವ ಟ್ರಾನ್ಸ್‌ಕ್ರಿಪ್ಟ್‌ನಲ್ಲಿರುವುದು ಇನ್ನೊಂದು ಆದರೆ, ಕೊಟ್ಟ ಸೀಟು ವಾಪಸ್ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹುಡುಗಿ ಆಗಲೇ ಅಪಾರ್ಟ್‌ಮೆಂಟ್‌ಗೆ ಮುಂಗಡ ಕಟ್ಟಿದ್ದಳು.

ಬಯಲುಸೀಮೆ · ಬುಧವಾರ ಬೆಳಿಗ್ಗೆ

ಎ ಇರೋ ಕ್ಲಾಸ್ ಬಿಟ್ಟು ಸಿ ಬರೋ ಕ್ಲಾಸ್ ಇಟ್ಕೊಳ್ಳೋದು. ನಮ್ಮಪ್ಪನಿಗೆ ಈ ಮಾತು ಹೇಳಿದ್ದರೆ ಎಮ್ಮೆ ಕಟ್ಟೋ ಹಗ್ಗ ತರ್ತಿದ್ದರು. ಆದರೂ ಸರಿ ಅನ್ನಿಸ್ತದೆ ನೋಡ್ರಿ.

ಹಾಸನದ ಹುಡುಗ · ಗುರುವಾರ ರಾತ್ರಿ

ತಡವಾಗಿದ್ದಕ್ಕೆ ಕ್ಷಮಿಸಿ, ಎರಡು ದಿನ ಓಡಾಟ.

ಬುಧವಾರ ಕೌನ್ಸೆಲರ್ ಸಾಲಿನಲ್ಲಿ ಒಂದೂವರೆ ಗಂಟೆ ನಿಂತೆ. ಏಳು ಕೋರ್ಸ್ ಸರಿಯಾಗಿದೆ, ಸಿನಿಮಾ ಎಲ್ಲೂ ಬೇಕಾಗಿಲ್ಲ ಅಂದರು. 60 ಅನ್ನು ಅವರೂ ಎರಡು ಸಲ ಕೂಡಿಸಿದರು, ಎರಡನೇ ಸಲ ಬೆರಳಲ್ಲಿ.

ಕ್ಯಾಂಪಸ್‌ನಿಂದ ಇವತ್ತು ಮಧ್ಯಾಹ್ನ ಉತ್ತರ ಬಂತು, ಮೂರೇ ಸಾಲು. ಬಿಡಬಹುದು. 60 ಯೂನಿಟ್ ಆಗಬೇಕು, ಫಿಸಿಕ್ಸ್ ಸೇರಿ ಮೇಜರ್ ಕೋರ್ಸ್‌ಗಳಲ್ಲೆಲ್ಲ ಸಿ ಅಥವಾ ಮೇಲೆ ಬರಬೇಕು. ಜಿಪಿಎ ಒಟ್ಟು ಲೆಕ್ಕದ್ದು ಮಾತ್ರ. ಸ್ಕ್ರೀನ್‌ಶಾಟ್ ತೆಗೆದು ಮೂರು ಕಡೆ ಇಟ್ಟಿದ್ದೇನೆ.

ಫಿಸಿಕ್ಸ್ ಪ್ರೊಫೆಸರ್ ಆಫೀಸ್ ಅವರ್‌ಗೂ ಹೋದೆ, ಈ ಸೆಮಿಸ್ಟರ್‌ನಲ್ಲಿ ಮೊದಲ ಸಲ. ಮೇಷ್ಟ್ರು ಹೇಳಿದ ಮೈನಸ್ ಕಥೆ ಹೇಳಿದೆ. ಅವರು ನಕ್ಕು, ಡ್ರಾಯರ್‌ನಿಂದ ಒಂದು ತಾಮ್ರದ ಕೊಳವೆ, ಒಂದು ಸಣ್ಣ ಮ್ಯಾಗ್ನೆಟ್ ತೆಗೆದರು. ಮ್ಯಾಗ್ನೆಟ್ ಅನ್ನು ಕೊಳವೆಯೊಳಗೆ ಬಿಟ್ಟರೆ ಅದು ಬೀಳುವುದೇ ಇಲ್ಲ ಅನ್ನುವಷ್ಟು ನಿಧಾನವಾಗಿ ಇಳಿಯಿತು. ಆರು ಸಲ ಬಿಟ್ಟು ನೋಡಿದೆ. ಮುಂದಿನ ಪಾಠ ಅದೇ.

ಸಿನಿಮಾ ಟೀಚರ್‌ಗೆ ಹೇಳುವುದೇ ಕಷ್ಟ ಆಯಿತು. ಅವರಿಗೆ ಬೇಜಾರಾಗಲಿಲ್ಲ, "ಗುರುವಾರ ಬಂದು ಹಿಂದೆ ಕೂತು ಸಿನಿಮಾ ನೋಡು, ಪ್ರಬಂಧ ಬೇಡ" ಅಂದರು. ಇವತ್ತು ಹೋಗಲಿಲ್ಲ, ಆ ಹೊತ್ತಿನಲ್ಲಿ ಲೆಂಜ್ ನಿಯಮದ, ಅಂದರೆ ಆ ಮ್ಯಾಗ್ನೆಟ್ ಪಾಠದ, ಹತ್ತು ಲೆಕ್ಕ ಮಾಡಿದೆ. ಗುಂಡಿ ಈಗಷ್ಟೇ ಒತ್ತಿದೆ. ಅಮ್ಮ ಪಕ್ಕದಲ್ಲೇ ನಿಂತಿದ್ದರು. "ಇದು ಫೇಲಲ್ಲ ತಾನೇ?" ಅಂತ ಇನ್ನೊಂದು ಸಲ ಕೇಳಿದರು.

ಮೇಷ್ಟ್ರೇ, ಆ ಹತ್ತು ಲೆಕ್ಕದ ಫೋಟೋ ಕಳಿಸಿದ್ದೇನೆ. ಬಿಡುವಾದಾಗ ನೋಡಿ.

ಮೈಸೂರು ಮೇಷ್ಟ್ರು · ಗುರುವಾರ ರಾತ್ರಿ

ನೋಡಿದೆ. ಎಂಟು ಸರಿ. ಒಂಬತ್ತನೇದರಲ್ಲಿ ಯೂನಿಟ್ ಬರೆದಿಲ್ಲ. ನಾಲ್ಕನೇದರಲ್ಲಿ ದಿಕ್ಕು ತಪ್ಪು. ಉತ್ತರ ಧ್ರುವ ಉಂಗುರದ ಹತ್ತಿರ ಬರುತ್ತಿದ್ದರೆ ಉಂಗುರ ಅದನ್ನು ದೂರ ತಳ್ಳಬೇಕು ತಾನೇ? ಮ್ಯಾಗ್ನೆಟ್ ಕಡೆಯಿಂದ ನೋಡಿದರೆ ಕರೆಂಟ್ ಅಪ್ರದಕ್ಷಿಣೆ. ನೀನು ಪ್ರದಕ್ಷಿಣೆ ಹಾಕಿಸಿದ್ದೀಯ. ತಿದ್ದಿ ಮತ್ತೆ ಕಳಿಸು, ರಬ್ಬರ್ ಮುಟ್ಟಬೇಡ, ಪಕ್ಕದಲ್ಲಿ ಹೊಸದಾಗಿ ಬರಿ.